ಜೈವಿಕ ಆರ್ಥಿಕತೆ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದಿಂದ ಪದೇ ಪದೇ ಬರುವ ಪ್ರಶ್ನೆಗಳು

ಜೈವಿಕ ಆರ್ಥಿಕತೆ ಅಂದರೆ ಚುಟುಕಾಗಿ ಏನು?

ಬೆಳೆ, ದನಕರು, ಮರ, ಮೀನು, ಸೂಕ್ಷ್ಮಜೀವಿ ಇವುಗಳಿಂದ ಬರುವ ವಸ್ತುವನ್ನು ಆಹಾರ, ಮೇವು, ಬಟ್ಟೆ, ಇಂಧನ, ಔಷಧ, ರಾಸಾಯನಿಕ ಮಾಡುವ ಎಲ್ಲ ದಂಧೆ. ಅದಕ್ಕೆ ಬೇಕಾದ ಸಂಶೋಧನೆ ಮತ್ತು ಸೇವೆಯೂ ಇದರೊಳಗೇ ಬರುತ್ತವೆ. ಕಲ್ಲಿದ್ದಲು, ಪೆಟ್ರೋಲಿಯಂ ಹಿಡಿದ ಜಾಗವನ್ನು ಆದಷ್ಟು ಮತ್ತೆ ಬೆಳೆಯುವ ವಸ್ತುವಿಗೆ ಕೊಡುವುದು ಉದ್ದೇಶ.

ಹಾಗಿದ್ದರೆ ಇದು ಒಕ್ಕಲುತನವೇ ಆಯಿತಲ್ಲ. ಹೊಸದೇನು?

ಬಹುಪಾಲು ಒಕ್ಕಲುತನವೇ. ಹತ್ತಿಯನ್ನೇ ನೋಡಿ. ಒಂದು ಕ್ವಿಂಟಲ್ ಬೀಜಸಹಿತ ಹತ್ತಿ ಜಿನ್ನಿಂಗ್ ಆದ ಮೇಲೆ ಸುಮಾರು 34 ಕಿಲೊ ಅರಳೆ, 64 ಕಿಲೊ ಹತ್ತಿಕಾಳು, ಉಳಿದದ್ದು ಕಸ. ಕಾಳಿನಿಂದ ಎಣ್ಣೆ, ಎಮ್ಮೆಗೆ ಹಿಂಡಿ. ಹೊಲದಲ್ಲಿ ನಿಂತ ಕಟ್ಟಿಗೆ ಬಚ್ಚಲ ಒಲೆಗೆ. ಒಂದು ಗಿಡದಿಂದ ಐದಾರು ಸರಕು ತೆಗೆಯುವುದು ಹುಬ್ಬಳ್ಳಿ, ಗದಗಿನ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ತಲೆಮಾರುಗಳಿಂದ ಗೊತ್ತು.

ಹೊಸದಾಗಿ ಸೇರಿದ್ದು ಎರಡು. ಒಂದು, ಕಿಣ್ವ, ಹುದುಗುವಿಕೆ, ತಳಿ ತಂತ್ರಜ್ಞಾನದಿಂದ ಅದೇ ವಸ್ತುವಿಗೆ ಹೆಚ್ಚಿನ ಬೆಲೆ ತರುವ ದಾರಿಗಳು. ಇನ್ನೊಂದು ಲೆಕ್ಕ: ಮಣ್ಣು, ನೀರು, ಗಾಳಿ, ದುಡಿಯುವವರ ಮೇಲೆ ಇದರ ಹೊರೆ ಎಷ್ಟು ಎಂದು ಅಳೆದು ತೋರಿಸಬೇಕೆಂಬ ಒತ್ತಾಯ. ಮೊದಲನೆಯದಕ್ಕೆ ದುಡ್ಡು ಸಿಗುತ್ತದೆ. ಎರಡನೆಯದನ್ನು ಯಾರೂ ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಒಂದೊಂದು ಸಂಸ್ಥೆ ಒಂದೊಂದು ವ್ಯಾಖ್ಯೆ ಕೊಡುವುದೇಕೆ?

ಯಾರಿಗೆ ಏನು ಬೇಕೋ ಅದಕ್ಕೆ ತಕ್ಕಂತೆ ಗಡಿ ಎಳೆಯುತ್ತಾರೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2009ರ ವರದಿಯಲ್ಲಿ ಜೈವಿಕ ತಂತ್ರಜ್ಞಾನವನ್ನು ನಡುವೆ ಇಟ್ಟಿತು. ಐರೋಪ್ಯ ಒಕ್ಕೂಟ 2012ರ ತನ್ನ ಕಾರ್ಯನೀತಿಯಲ್ಲಿ ಜೈವಿಕ ಸಂಪನ್ಮೂಲವನ್ನೇ ನಡುವೆ ಇಟ್ಟು, ಬೇಸಾಯ, ಅರಣ್ಯ, ಮೀನುಗಾರಿಕೆ, ಆಹಾರ ಉದ್ಯಮವನ್ನೆಲ್ಲ ಸೇರಿಸಿತು. 2018ರಲ್ಲಿ ಅದನ್ನು ಪರಿಷ್ಕರಿಸಿ ಪರಿಸರದ ಮಿತಿಗಳಿಗೂ ಒತ್ತು ಕೊಟ್ಟಿತು. ಮಣ್ಣು, ಜೀವವೈವಿಧ್ಯ, ಸ್ಥಳೀಯ ಚಕ್ರಗಳನ್ನೇ ಮುಂದೆ ಇಡುವ ಮೂರನೆಯ ನೋಟವೂ ಉಂಟು. ಬ್ರೆಜಿಲ್ ಅಧ್ಯಕ್ಷತೆಯಲ್ಲಿ ಜಿ20 ದೇಶಗಳು 2024ರಲ್ಲಿ 10 ತತ್ತ್ವಗಳನ್ನು ಒಪ್ಪಿದವು. ತತ್ತ್ವ ಒಪ್ಪುವುದು ಸುಲಭ, ಅಳತೆಗೋಲು ಒಪ್ಪುವುದು ಕಷ್ಟ.

ಈ ಮೂರು ನೋಟದಲ್ಲಿ ನೋಡಿದರೆ ಹಾವೇರಿಯ ಒಂದೇ ಗೋವಿನಜೋಳದ ಹೊಲ ಮೂರು ಬೇರೆ ಬೇರೆ ಪ್ರಶ್ನೆ ಎಬ್ಬಿಸುತ್ತದೆ. ತಳಿ ಯಾವುದು, ಕಿಣ್ವ ಯಾವುದು ಎನ್ನುವುದು ಮೊದಲ ನೋಟ. ಎಷ್ಟು ಟನ್ ಸಿಗುತ್ತದೆ ಎನ್ನುವುದು ಎರಡನೆಯದು. ಹತ್ತು ವರ್ಷ ಬಿಟ್ಟು ಆ ಮಣ್ಣಿನ ಇಂಗಾಲ ಎಷ್ಟು ಉಳಿದಿದೆ ಎನ್ನುವುದು ಮೂರನೆಯದು. ಯೋಜನಾ ವರದಿ ಕೈಗೆ ಬಂದರೆ ಈ ಮೂರರಲ್ಲಿ ಯಾವ ಪ್ರಶ್ನೆಗೆ ಉತ್ತರವಿಲ್ಲ ಎಂದು ಮೊದಲು ಹುಡುಕಿ.

ಭಾರತದ ಜೈವಿಕ ಆರ್ಥಿಕತೆ ಇಷ್ಟು ಸಾವಿರ ಕೋಟಿ ಡಾಲರ್ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದರಲ್ಲಿ ನಮ್ಮ ಬೆಳೆ ಸೇರಿದೆಯೇ?

ಬಹಳಷ್ಟು ಸೇರಿಲ್ಲ. 2014ರಲ್ಲಿ 1,000 ಕೋಟಿ ಡಾಲರ್ ಇದ್ದದ್ದು 2024ರ ಹೊತ್ತಿಗೆ 16,500 ಕೋಟಿ ಡಾಲರ್ ದಾಟಿತು, 2030ಕ್ಕೆ 30,000 ಕೋಟಿ ಗುರಿ ಎಂಬ ಅಂಕಿ ಇದೆ. ಅದರಲ್ಲಿ ಎಣಿಸುವುದು ಮುಖ್ಯವಾಗಿ ಲಸಿಕೆ–ಔಷಧ, ಬಿಟಿ ಹತ್ತಿಯಂಥ ಕೃಷಿ ಜೈವಿಕ ತಂತ್ರಜ್ಞಾನ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮತ್ತು ಕಿಣ್ವಗಳಂಥ ಕೈಗಾರಿಕೆ, ಸಂಶೋಧನಾ ಸೇವೆ. ನವಲಗುಂದದ ಕಡಲೆಯಾಗಲಿ ರೋಣದ ಬಿಳಿಜೋಳವಾಗಲಿ ಆ ಲೆಕ್ಕದಲ್ಲಿ ಇಲ್ಲ. ಐರೋಪ್ಯರ ಲೆಕ್ಕದಲ್ಲಿ ಅಂಥ ಬೆಳೆ ಇದ್ದೇ ಇರುತ್ತದೆ. ಆದ್ದರಿಂದ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ನಾವು ಇಷ್ಟು ಹಿಂದೆ, ಅವರು ಇಷ್ಟು ಮುಂದೆ’ ಎನ್ನುವ ಭಾಷಣಕ್ಕೆ ಅರ್ಥವಿಲ್ಲ.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 ನೀತಿಯ ವಿಷಯಗಳನ್ನು ನೋಡಿದರೂ ಇದೇ ಒಲವು ಕಾಣುತ್ತದೆ: ಜೈವಿಕ ರಾಸಾಯನಿಕ ಮತ್ತು ಕಿಣ್ವ, ಹೊಸ ಬಗೆಯ ಪ್ರೋಟೀನ್, ನಿಖರ ಚಿಕಿತ್ಸೆ, ಹವಾಮಾನ ತಾಳುವ ಕೃಷಿ, ಇಂಗಾಲ ಹಿಡಿದು ಬಳಸುವುದು, ಸಮುದ್ರ–ಬಾಹ್ಯಾಕಾಶ ಸಂಶೋಧನೆ. ಈ ಭಾಗಕ್ಕೆ ನೇರ ಸಂಬಂಧ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ.

ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಬಟ್ಟೆಯನ್ನು ಹೇಗೆ ಎಣಿಸುತ್ತಾರೆ?

ಪಾಲಿನ ಪ್ರಕಾರ. ಬಟ್ಟೆಯಲ್ಲಿ ಶೇ 60 ಹತ್ತಿ ಇದ್ದರೆ ಆ ವಹಿವಾಟಿನ ಶೇ 60 ಮಾತ್ರ ಜೈವಿಕ ಎಂದು ಬರೆಯುತ್ತಾರೆ. ಈ ಪಾಲು ಒಂದು ಸರ್ಕಾರಿ ಆದೇಶದಿಂದಲೂ ಬದಲಾಗಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದು ಕೈನೂಲಿನ, ಕೈಮಗ್ಗದ ಖಾದಿಯಿಂದ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ, ಖಾದಿಗೇ ಮೀಸಲಾಗಿದ್ದ ಮಾರುಕಟ್ಟೆಗೆ ಪೆಟ್ರೋಲಿಯಂ ನೂಲು ಕಾಲಿಟ್ಟಿತು. ತಂತ್ರಜ್ಞಾನ ಎಷ್ಟೇ ಚೆನ್ನಾಗಿರಲಿ, ನಿಯಮದ ಅಪಾಯವನ್ನೂ ಮೌಲ್ಯಮಾಪನದಲ್ಲಿ ಬರೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ನಮ್ಮಲ್ಲಿ ಬೆಳೆ ತ್ಯಾಜ್ಯ ಬೇಕಾದಷ್ಟು ಬಿದ್ದಿದೆ, ವ್ಯರ್ಥ ಆಗುತ್ತಿದೆ ಎನ್ನುತ್ತಾರೆ. ನಿಜವೇ?

ಈ ಮಾತನ್ನು ಕೇಳಿದ ಕೂಡಲೇ ‘ಈಗ ಅದನ್ನು ಯಾರು ಬಳಸುತ್ತಿದ್ದಾರೆ?’ ಎಂದು ಕೇಳಿ. ಬಿಳಿಜೋಳದ ಕಣಕಿ ದನದ ಮೇವು. ಕಡಲೆ ಹೊಟ್ಟು, ಶೇಂಗಾ ಹೊಟ್ಟೂ ಮೇವೇ. ಶೇಂಗಾ ಸಿಪ್ಪೆ ಬಾಯ್ಲರಿಗೆ ಮಾರಾಟವಾಗುತ್ತದೆ. ಹತ್ತಿ ಕಟ್ಟಿಗೆ ಒಲೆಗೆ. ಇವುಗಳಲ್ಲಿ ಯಾವುದನ್ನು ಕಾರ್ಖಾನೆ ಎಳೆದುಕೊಂಡರೂ ಹಿಂದೆ ಬಳಸುತ್ತಿದ್ದವರು ಬದಲಿ ಹುಡುಕಬೇಕು. ಆ ಬದಲಿಯ ಖರ್ಚು, ಹೊಗೆ ಎರಡೂ ಯೋಜನೆಯ ಲೆಕ್ಕಕ್ಕೆ ಸೇರಬೇಕು. ಕಣಕಿಯ ಧಾರಣೆ ಏರಿದರೆ ಹೊಲ ಇಲ್ಲದೆ ಎರಡು ಎಮ್ಮೆ ಕಟ್ಟಿಕೊಂಡ ಮನೆಗೆ ಪೆಟ್ಟು ಬೀಳುತ್ತದೆ. ಆ ಮನೆ ಯಾವ ವರದಿಯಲ್ಲೂ ಕಾಣುವುದಿಲ್ಲ.

ಹೊಲದಲ್ಲೇ ಬಿಟ್ಟದ್ದು ಕೂಡ ಸುಮ್ಮನೆ ಬಿದ್ದಿರುವುದಿಲ್ಲ. ಒಂದು ಟನ್ ಗೋವಿನಜೋಳದ ದಂಟು ಹೊಲ ದಾಟಿದರೆ ಅದರೊಂದಿಗೆ ಸುಮಾರು 6–8 ಕಿಲೊ ಸಾರಜನಕ, 12–16 ಕಿಲೊ ಪೊಟ್ಯಾಷ್ ಹೋಗುತ್ತದೆ. ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುವುದರಿಂದ ಮೊದಲ ಕೆಲವು ವರ್ಷ ಬೆಳೆ ಏನೂ ಹೇಳುವುದಿಲ್ಲ. ಹಾವೇರಿ ಕಡೆಯ ಕೆಂಪು ಮಣ್ಣಿನಲ್ಲಿ ಬೇಗ ಗೊತ್ತಾಗುತ್ತದೆ.

ಹಾಗಾದರೆ ನಿಜವಾಗಿ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?

ಹತ್ತಿ ಕಟ್ಟಿಗೆಯ ಉದಾಹರಣೆ ತೆಗೆದುಕೊಳ್ಳೋಣ. ಎಕರೆಗೆ ಒಣ ಕಟ್ಟಿಗೆ 8–10 ಕ್ವಿಂಟಲ್ ಎಂದು ಹಿಡಿದರೆ 1,000 ಎಕರೆಗೆ ಸುಮಾರು 900 ಟನ್. ಇದರಿಂದ ಮನೆಯ ಉರುವಲು, ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿದ್ದು, ದಾರಿ ಇಲ್ಲದ ಹೊಲಗಳು, ಕೀಳುವಾಗ–ಹೇರುವಾಗ ಉದುರಿದ್ದು ಕಳೆಯಿರಿ. ಮೂರನೇ ಒಂದು ಪಾಲು, ಹೆಚ್ಚೆಂದರೆ ಶೇ 40 ಕೈಗೆ ಬಂದರೆ ದೊಡ್ಡದು. ಶೇ 35 ಎಂದು ಇಟ್ಟುಕೊಂಡರೆ 315 ಟನ್.

ಈಗ ಯಂತ್ರದ ಕಡೆಯಿಂದ ನೋಡಿ. ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡುವ ಉರುವಲ ತುಂಡೇ ಬ್ರಿಕೆಟ್. ಗಂಟೆಗೆ 500 ಕಿಲೊ ಬ್ರಿಕೆಟ್ ಒತ್ತುವ ಯಂತ್ರ ದಿನಕ್ಕೆ 16 ಗಂಟೆ, ವರ್ಷಕ್ಕೆ 250 ದಿನ ಓಡಿದರೆ 2,000 ಟನ್ ಬೇಕು. ಅಂದರೆ 6,300 ಎಕರೆಗೂ ಹೆಚ್ಚು ಹತ್ತಿ. ‘ಜಿಲ್ಲೆಯಲ್ಲಿ ಇಷ್ಟು ಲಕ್ಷ ಎಕರೆ ಹತ್ತಿ ಇದೆ’ ಎಂಬ ಒಂದೇ ಸಾಲಿನ ಮೇಲೆ ಹಾಕಿದ ಘಟಕಗಳು ಎರಡನೇ ವರ್ಷ ಕಚ್ಚಾವಸ್ತುವಿಗೆ ಪರದಾಡುವುದು ಈ ಕಳೆಯುವ ಲೆಕ್ಕವನ್ನು ಮಾಡದಿರುವುದರಿಂದ. ಹತ್ತಿಯ ಬೆಲೆ ಬಿದ್ದು ರೈತರು ಗೋವಿನಜೋಳಕ್ಕೆ ತಿರುಗಿದರಂತೂ ಮುಗಿಯಿತು.

ಬಿಡಿ ಕಟ್ಟಿಗೆ ಒಂದು ಘನ ಮೀಟರಿಗೆ 50–100 ಕಿಲೊ ಅಷ್ಟೇ ತೂಗುತ್ತದೆ, ಟ್ರ್ಯಾಲಿ ತುಂಬಿದರೂ ತೂಕ ಬರುವುದಿಲ್ಲ. 25 ಕಿಲೋಮೀಟರ್ ದಾಟಿ ಬಿಡಿ ಕಟ್ಟಿಗೆ ಎಳೆದರೆ ಡೀಸೆಲ್ ಖರ್ಚೇ ನುಂಗುತ್ತದೆ. ಹೊಲದಲ್ಲೇ ತುಂಡು ಮಾಡುವ ಯಂತ್ರ ಇಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ.

ಬ್ರಿಕೆಟ್ ಘಟಕದಲ್ಲಿ ಏನೇನು ಕೆಡುತ್ತದೆ?

ಮೊದಲು ತೇವ. ಶೇ 8ರಿಂದ 12ರ ನಡುವೆ ಇರಬೇಕು. ಹೆಚ್ಚಿದ್ದರೆ ಅಚ್ಚಿನೊಳಗೆ ಆವಿಯಾಗಿ ಬ್ರಿಕೆಟ್ ಸೀಳುತ್ತದೆ, ಕೆಲವೊಮ್ಮೆ ಪಟ್ ಎಂದು ಸಿಡಿಯುತ್ತದೆ. ತೀರ ಒಣಗಿದ್ದರೂ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ ಅಂಟಬೇಕಾದರೆ ಸ್ವಲ್ಪ ತೇವ ಬೇಕು.

ಎರಡನೆಯದು ಮಣ್ಣು. ಬೇರುಸಮೇತ ಕಿತ್ತ ಕಟ್ಟಿಗೆಗೆ ಎರೆ ಮಣ್ಣು ಅಂಟಿರುತ್ತದೆ. ಅದು ಅಚ್ಚನ್ನು ಸವೆಸುತ್ತದೆ, ಬೂದಿ ಹೆಚ್ಚಿಸುತ್ತದೆ, ಬಾಯ್ಲರಿನಲ್ಲಿ ಪೊಟ್ಯಾಷ್ ಜೊತೆ ಕರಗಿ ಗಟ್ಟಿ ಹೆಂಟೆ ಕಟ್ಟುತ್ತದೆ. ಕಿತ್ತ ಮೇಲೆ ಕೆಲವು ದಿನ ಹೊಲದಲ್ಲೇ ಒಣಗಲು ಬಿಟ್ಟು ಬೇರು ಬಡಿದು ಹೇರುವುದು ಅಗ್ಗದ ಪರಿಹಾರ. ಖರೀದಿಯಲ್ಲಿ ತೂಕದ ಜೊತೆ ತೇವ ಮತ್ತು ಬೂದಿಗೂ ದರ ಕಟ್ಟದಿದ್ದರೆ ಮಣ್ಣು ಬರುತ್ತಲೇ ಇರುತ್ತದೆ.

ಮೂರನೆಯದನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ. ಗುಲಾಬಿ ಕಾಯಿಕೊರಕ. ಕಟ್ಟಿಗೆಯಲ್ಲಿ ಉಳಿದ ಒಣ ಕಾಯಿಗಳಲ್ಲಿ ಹುಳು ಮುಂದಿನ ಹಂಗಾಮಿನ ತನಕ ಕೂತಿರುತ್ತದೆ. ಕತ್ತರಿಸದ ಕಟ್ಟಿಗೆಯ ಬಣವೆಯನ್ನು ಘಟಕದ ಅಂಗಳದಲ್ಲಿ ಜೂನ್‌ವರೆಗೆ ಒಟ್ಟಿದರೆ ಸುತ್ತಲ ಹತ್ತಿಗೆ ಅಲ್ಲಿಂದಲೇ ಪತಂಗ ಹಾರುತ್ತದೆ. ಬಂದ ಕೂಡಲೇ ಚೂರು ಮಾಡುವುದು, ಅಂಗಳದ ಸುತ್ತ ಗಂಡು ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಹಾಕುವುದು ಇದಕ್ಕೆ ಪರಿಹಾರ. ಸರಿಯಾಗಿ ಮಾಡಿದರೆ ಇದೇ ಘಟಕ ಹುಳುವಿನ ಚಕ್ರ ಮುರಿಯುತ್ತದೆ, ರೈತನಿಗೆ ಕಟ್ಟಿಗೆಯ ದುಡ್ಡಿಗಿಂತ ಅದೇ ದೊಡ್ಡ ಲಾಭ.

ಗೋವಿನಜೋಳದ ಎಥೆನಾಲ್ ಪರಿಸರಕ್ಕೆ ಒಳ್ಳೆಯದೇ? ಅಂಕಿಯಲ್ಲಿ ಹೇಳಿ.

ಒಂದು ಮಾದರಿ ಲೆಕ್ಕ ಮಾಡೋಣ. ನಿಮ್ಮ ಹೊಲದ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ.

ಮಳೆಯಾಶ್ರಿತ ಒಂದು ಎಕರೆ, ಇಳುವರಿ 12 ಕ್ವಿಂಟಲ್, ಹಾಕಿದ ಸಾರಜನಕ 40 ಕಿಲೊ, ಅಂದರೆ ಸುಮಾರು 87 ಕಿಲೊ ಯೂರಿಯಾ. ಟನ್ನಿಗೆ 380 ಲೀಟರ್‌ನಂತೆ 456 ಲೀಟರ್ ಎಥೆನಾಲ್.

ಹಾಕಿದ ಸಾರಜನಕದಲ್ಲಿ ಸುಮಾರು ಶೇ 1 ನೈಟ್ರಸ್ ಆಕ್ಸೈಡ್ ಅನಿಲದ ರೂಪದಲ್ಲಿ ಹಾರುತ್ತದೆ ಎಂಬುದು ಹವಾಮಾನ ಸಮಿತಿ ಐಪಿಸಿಸಿಯ ರೂಢಿಯ ಅಂದಾಜು. 40 ಕಿಲೊದಲ್ಲಿ 0.4 ಕಿಲೊ ಸಾರಜನಕ. ಅನಿಲದ ತೂಕ 0.63 ಕಿಲೊ. ಈ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಲ. ಒಟ್ಟು 172 ಕಿಲೊ ಇಂಗಾಲದ ಡೈಆಕ್ಸೈಡ್‌ಗೆ ಸಮ, ಲೀಟರಿಗೆ 0.38 ಕಿಲೊ. ಯೂರಿಯಾ ಮಣ್ಣಿನಲ್ಲಿ ಒಡೆಯುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ಇನ್ನೂ 64 ಕಿಲೊ, ಲೀಟರಿಗೆ 0.14. ಎರಡೂ ಸೇರಿ 0.52.

ಅತ್ತ, ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಅಷ್ಟೇ ಆದ್ದರಿಂದ ಒಂದು ಲೀಟರ್ ಎಥೆನಾಲ್ ಉಳಿಸುವುದು 1.5 ಕಿಲೊ. ಅದರಲ್ಲಿ ಮೂರನೇ ಒಂದು ಭಾಗ ಗೊಬ್ಬರ ಒಂದರಲ್ಲೇ ಹೋಯಿತು. ಟ್ರ್ಯಾಕ್ಟರ್, ಸಾಗಣೆ, ಒಣಗಿಸುವುದು, ಯೂರಿಯಾ ಕಾರ್ಖಾನೆಯ ಅನಿಲ ಇನ್ನೂ ಬಾಕಿ. ಡಿಸ್ಟಿಲರಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕಿದರೆ ಉಳಿದದ್ದರಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಬ್ರಿಕೆಟ್ ಹಾಕಿದರೆ ಉಳಿಯುತ್ತದೆ. ಹುದುಗುವಾಗ ಲೀಟರಿಗೆ ಸುಮಾರು 0.75 ಕಿಲೊ ಶುದ್ಧ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದನ್ನು ಹಿಡಿದು ಮಾರುವ ಘಟಕದ ಲೆಕ್ಕ ಇನ್ನೂ ಚೆನ್ನಾಗುತ್ತದೆ. ಹೀಗಾಗಿ ಒಂದೇ ಕಾಳು, ಒಂದೇ ಎಥೆನಾಲ್, ಆದರೆ ಬಾಯ್ಲರ್ ನೋಡದೆ ‘ಹಸಿರು’ ಎನ್ನಲಾಗದು.

ಒಂದೇ ಘಟಕದ ಬಗ್ಗೆ ಇಬ್ಬರು ಸಲಹೆಗಾರರು ಬೇರೆ ಬೇರೆ ಅಂಕಿ ಕೊಡುತ್ತಾರೆ. ಯಾರು ಸುಳ್ಳು?

ಇಬ್ಬರೂ ಅಲ್ಲದಿರಬಹುದು. ಒಂದು ಟನ್ ಗೋವಿನಜೋಳದಿಂದ 380 ಲೀಟರ್, ಅಂದರೆ 300 ಕಿಲೊ ಎಥೆನಾಲ್ ಬರುತ್ತದೆ. ಜೊತೆಗೆ ಸುಮಾರು 300 ಕಿಲೊ ಡಿಡಿಜಿಎಸ್ ಎಂಬ ಮೇವಿನ ಹಿಂಡಿ. ಹೊಲದ ಹೊರೆಯನ್ನು ತೂಕದ ಪ್ರಕಾರ ಹಂಚಿದರೆ ಎಥೆನಾಲಿಗೆ ಅರ್ಧ ಮಾತ್ರ, ಮೇಲಿನ 0.52 ಇದ್ದದ್ದು 0.26 ಆಗುತ್ತದೆ. ಬೆಲೆಯ ಪ್ರಕಾರ ಹಂಚಿ ನೋಡಿ: ಎಥೆನಾಲ್ ಲೀಟರಿಗೆ 72 ರೂಪಾಯಿ, ಹಿಂಡಿ ಕಿಲೊಗೆ 16 ರೂಪಾಯಿ ಎಂದು ಇಟ್ಟುಕೊಂಡರೆ ಹಿಂಡಿಗೆ ಶೇ 15ರಷ್ಟು ಮಾತ್ರ, ಎಥೆನಾಲಿಗೆ 0.44. ಅಂಕಿ ಬದಲಾಗಿದ್ದು ಹೊಲದಲ್ಲಲ್ಲ, ಹಂಚುವ ವಿಧಾನದಲ್ಲಿ. ಹೊಲದಿಂದ ಬಳಕೆಯ ಕೊನೆಯ ತನಕದ ಹೊರೆ ಅಳೆಯುವ ಜೀವನಚಕ್ರ ವಿಶ್ಲೇಷಣೆಯ ಐಎಸ್‌ಒ 14040 ಮತ್ತು 14044 ಮಾನದಂಡಗಳು ಈ ಆಯ್ಕೆಯನ್ನು ಬಹಿರಂಗವಾಗಿ ಬರೆಯಬೇಕು, ಬೇರೆ ವಿಧಾನದಲ್ಲಿ ಏನಾಗುತ್ತದೆ ಎಂದೂ ತೋರಿಸಬೇಕು ಎನ್ನುತ್ತವೆ. ಬರೆಯದ ವರದಿಯನ್ನು ಪಕ್ಕಕ್ಕಿಡಿ.

ಅದೇ ಮಾನದಂಡದಲ್ಲಿ ಹಂತ ನಾಲ್ಕು: ಗುರಿ ಮತ್ತು ಗಡಿ ಗೊತ್ತುಪಡಿಸುವುದು, ಒಳಬಂದ–ಹೊರಹೋದ ವಸ್ತುಗಳ ಪಟ್ಟಿ, ಪರಿಣಾಮದ ಅಳತೆ, ಅರ್ಥ ಬಿಡಿಸುವುದು. ಹೆಚ್ಚಿನ ತಪ್ಪು ಆಗುವುದು ಮೊದಲನೆಯದರಲ್ಲೇ. ಕಾರ್ಖಾನೆ ಗೇಟಿನಿಂದ ಶುರುಮಾಡಿದರೆ ಹೊಲ ಬಿಟ್ಟುಹೋಗುತ್ತದೆ. ‘ಒಂದು ಲೀಟರಿಗೆ’ ಎಂದು ಹೋಲಿಸಿದರೆ ಎಥೆನಾಲಿನ ಶಕ್ತಿ ಕಡಿಮೆ ಎನ್ನುವುದು ಮರೆಯುತ್ತದೆ. ‘ಒಂದು ಕಿಲೋಮೀಟರ್ ಓಡಲು’ ಎಂದು ಹೋಲಿಸಬೇಕು.

ಡಿಡಿಜಿಎಸ್ ಹಿಂಡಿಯನ್ನು ದನಕ್ಕೆ ಹಾಕಬಹುದೇ?

ಹಾಕಬಹುದು, ಕಾಳು ಒಳ್ಳೆಯದಿದ್ದರೆ. ಪಿಷ್ಟ ತೆಗೆದ ಮೇಲೆ ಉಳಿದದ್ದು ಮೂರು ಪಟ್ಟು ಸಾಂದ್ರ, ಕಾಳಿನಲ್ಲಿದ್ದ ಅಫ್ಲಾಟಾಕ್ಸಿನ್ ವಿಷವೂ ಹಾಗೆಯೇ. ಮುಂಗಾರಿನ ಗೋವಿನಜೋಳ ಅಕ್ಟೋಬರ್ ಮಳೆಗೆ ಸಿಕ್ಕಿ, ರಸ್ತೆ ಮೇಲೆ ಅರೆಬರೆ ಒಣಗಿ, ತೇವ ಶೇ 14ಕ್ಕಿಂತ ಹೆಚ್ಚಿರುವಾಗಲೇ ಚೀಲ ಸೇರಿದರೆ ಬೂಸ್ಟು ಖಾತ್ರಿ. ಆ ವಿಷ ಹಾಲಿಗೂ ಇಳಿಯುತ್ತದೆ. ಪ್ರತಿ ಲಾಟಿನ ಪರೀಕ್ಷಾ ವರದಿ ಕೇಳಿ ಕೊಳ್ಳಿ.

ಎಥೆನಾಲ್ ಕಾರ್ಖಾನೆ ಬಂದರೆ ಗೋವಿನಜೋಳಕ್ಕೆ ಒಳ್ಳೆ ಧಾರಣೆ ಖಾತ್ರಿಯೇ?

ಖಾತ್ರಿ ಇಲ್ಲ. 2023ರಲ್ಲಿ ಡಿಸ್ಟಿಲರಿಗಳಿಗೆ ಆಹಾರ ನಿಗಮದ ಅಕ್ಕಿ ನಿಂತ ಮೇಲೆ ಗೋವಿನಜೋಳದ ಬೇಡಿಕೆ ಜಿಗಿಯಿತು, ಕೋಳಿ ಸಾಕುವವರು ಆಹಾರ ದುಬಾರಿಯೆಂದು ಕೂಗಿದರು. 2025ರ ಮುಂಗಾರು ಬೆಳೆ ಬಂದಾಗ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಓಡಿತು, ಈ ಭಾಗದಲ್ಲೇ ರೈತರು ಬೀದಿಗಿಳಿದರು. ಎಥೆನಾಲಿಗೆ ಯಾವ ಧಾನ್ಯದಿಂದ ಎಷ್ಟು ಎಂಬುದನ್ನು ತೈಲ ಕಂಪನಿಗಳ ಹಂಚಿಕೆ ನಿರ್ಧರಿಸುತ್ತದೆ. ಡಿಸ್ಟಿಲರಿಗೆ ಅಕ್ಕಿ ಅಗ್ಗವಾದರೆ ಅದು ಅಕ್ಕಿಗೆ ತಿರುಗುತ್ತದೆ.

ನೀರಿನ ಲೆಕ್ಕ?

ಕಬ್ಬು ಮತ್ತು ಮಳೆಯಾಶ್ರಿತ ಗೋವಿನಜೋಳವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಕಬ್ಬಿನ ಮೂಲದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಎಂದು ನೀತಿ ಆಯೋಗದ 2021ರ ಮಾರ್ಗಸೂಚಿಯೇ ಹೇಳಿದೆ. ಮಲಪ್ರಭಾ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದ ವರ್ಷ ಈ ಅಂಕಿಗೆ ಬೇರೆಯೇ ಅರ್ಥ. ಮಳೆ ನೀರು, ಕಾಲುವೆ ನೀರು, ಬೋರ್‌ವೆಲ್ ನೀರು ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಮನೆ ಮಟ್ಟದಲ್ಲಿ ಗೋಬರ್ ಗ್ಯಾಸ್ ಇನ್ನೂ ಅರ್ಥಪೂರ್ಣವೇ?

ನಾಲ್ಕೈದು ದನ ಇರುವ ಮನೆಗೆ ಹೌದು. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕಿಲೊ ಸಗಣಿ, ಅಷ್ಟೇ ನೀರು. ಒಂದು ಘನ ಮೀಟರ್ ಗ್ಯಾಸ್ ಸುಮಾರು 0.43 ಕಿಲೊ ಎಲ್‌ಪಿಜಿಗೆ ಸಮ. ಹುಳಿ ಬಂದು ಗ್ಯಾಸ್ ಉರಿಯದೆ ಹೋದರೆ ಹೆಚ್ಚಾಗಿ ಅಡುಗೆಮನೆಯ ಅನ್ನ, ಹಿಟ್ಟು ಜಾಸ್ತಿ ಸುರಿದಿರುತ್ತಾರೆ. ಒಂದು ವಾರ ಹಾಕುವುದು ನಿಲ್ಲಿಸಿ, ಸ್ವಲ್ಪ ಸುಣ್ಣದ ತಿಳಿ ಬಿಟ್ಟು, ಮತ್ತೆ ಬರೀ ಸಗಣಿಯಿಂದ ಶುರುಮಾಡಿ.

ಎರೆ ಭೂಮಿಯಲ್ಲಿ ಇನ್ನೊಂದು ಕಾಟ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು ಇಟ್ಟಿಗೆಯ ಗುಮ್ಮಟವನ್ನು ಸೀಳುತ್ತದೆ. ಗುಂಡಿ ಅಗಲ ತೆಗೆದು ಗೋಡೆಯ ಸುತ್ತ ಮರಳು ಇಲ್ಲವೇ ಗರಸು ತುಂಬಿ ದಮ್ಮಸು ಮಾಡಬೇಕು. ಬಿರುಕು ಬಿಟ್ಟರೆ ನಷ್ಟ ಗ್ಯಾಸಿನದಷ್ಟೇ ಅಲ್ಲ. ಈ ಘಟಕ ದಿನಕ್ಕೆ ಕೊಡುವ ಮೀಥೇನ್ ಸುಮಾರು 0.74 ಕಿಲೊ. ಹತ್ತನೇ ಒಂದು ಪಾಲು ಸೋರಿದರೆ, ಮೀಥೇನ್ 27 ಪಟ್ಟು ಬಲವಾದ ಅನಿಲವಾದ್ದರಿಂದ, 2 ಕಿಲೊ ಇಂಗಾಲದ ಡೈಆಕ್ಸೈಡ್‌ಗೆ ಸಮ. ಉಳಿದ ಗ್ಯಾಸ್ ಎಲ್‌ಪಿಜಿ ಬದಲು ಉರಿದು ತಪ್ಪಿಸಿದ್ದು 2.3 ಕಿಲೊ. ಅಲ್ಲಿಗಲ್ಲಿಗೆ ಸಮ. ಸಾಬೂನು ನೊರೆ ಹಚ್ಚಿ ಪೈಪಿನ ಜೋಡಣೆ ನೋಡುವುದು ಐದು ನಿಮಿಷದ ಕೆಲಸ.

ಹುಬ್ಬಳ್ಳಿಯ ಮಿರ್ಚಿ–ಭಜಿ ಅಂಗಡಿಗಳ ಕರಿದ ಎಣ್ಣೆ?

ಪಕ್ಕಾ ತ್ಯಾಜ್ಯ ಎಂದು ಕರೆಯಬಹುದಾದ ಕೆಲವೇ ವಸ್ತುಗಳಲ್ಲಿ ಇದೊಂದು. 2018ರಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತ ಶೇ 25 ದಾಟಿದರೆ ಕರಿಯಲು ಬಳಸುವಂತಿಲ್ಲ. ಬಯೋಡೀಸೆಲ್ ಮಾಡಲು ಲೀಟರ್ ಎಣ್ಣೆಗೆ ಸುಮಾರು 200 ಮಿಲಿ ಮೆಥನಾಲ್, ಎಣ್ಣೆಯ ತೂಕದ ಶೇ 1ರಷ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್, 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕುವುದು. ಎಣ್ಣೆಯಲ್ಲಿ ನೀರಿದ್ದರೆ ಇಲ್ಲವೇ ಬಿಡಿ ಕೊಬ್ಬಿನಾಮ್ಲ ಶೇ 2 ದಾಟಿದ್ದರೆ ಸಾಬೂನು ಕಟ್ಟಿ ಎಲ್ಲ ಗಂಜಿಯಾಗುತ್ತದೆ. ಮೊದಲು ಆಮ್ಲದಲ್ಲಿ ಸಂಸ್ಕರಿಸಬೇಕು. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತುತ್ತದೆ, ಮನೆಯಲ್ಲಿ ಮಾಡುವ ಕೆಲಸವಲ್ಲ. ನಿಜವಾದ ತೊಡಕು ರಸಾಯನಶಾಸ್ತ್ರದಲ್ಲಿಲ್ಲ: ಚಿಕ್ಕ ಗಾಡಿಗಳು ಆ ಎಣ್ಣೆಯನ್ನು ದೊಡ್ಡ ಹೋಟೆಲಿನಿಂದ ಅಗ್ಗಕ್ಕೆ ಕೊಂಡು ಮತ್ತೆ ಕರಿಯುತ್ತವೆ. ಇಂಧನಕ್ಕೆ ಕೊಳ್ಳುವವರು ಆ ದರ ಮೀರಿಸಬೇಕು.

ಕಾಂಪೋಸ್ಟ್ ಆಗುವ ಚೀಲ ತಿಪ್ಪೆಗೆ ಹಾಕಿದರೆ ಕರಗುತ್ತದೆಯೇ?

ಬಹುತೇಕ ಕರಗುವುದಿಲ್ಲ. ಚೀಲಕ್ಕೆ ಕೊಡುವ ‘ಕಾಂಪೋಸ್ಟ್ ಆಗುತ್ತದೆ’ ಎಂಬ ಪ್ರಮಾಣಪತ್ರ 58 ಡಿಗ್ರಿ ಆಸುಪಾಸಿನ ಬಿಸಿ ಹಿಡಿದಿಡುವ ಘಟಕದ ಪರೀಕ್ಷೆಯ ಮೇಲೆ ನಿಂತಿದೆ. ಚರಂಡಿಯಲ್ಲಿ ಅದು ಉಳಿದ ಪ್ಲಾಸ್ಟಿಕ್‌ನಂತೆಯೇ ಕಟ್ಟಿಕೊಳ್ಳುತ್ತದೆ.

ನಾವೀನ್ಯವನ್ನು ಅಳೆಯುವುದು ಹೇಗೆ? ಪೇಟೆಂಟ್ ಎಣಿಸಿದರೆ ಸಾಲದೇ?

ಸಾಲದು. ಧಾರವಾಡದ ಕೃಷಿ ಸಂಶೋಧನಾ ಕ್ಷೇತ್ರದಲ್ಲಿ ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ, ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದ ಹೈಬ್ರಿಡ್ ಹತ್ತಿ. ಆಮೇಲೆ ಡಿಸಿಎಚ್–32 ಅಥವಾ ಜಯಲಕ್ಷ್ಮಿ ಬಂತು. ಪೇಟೆಂಟ್ ಎಣಿಸುವವರ ಪಟ್ಟಿಯಲ್ಲಿ ಇವು ಇಲ್ಲ, ಆದರೆ ಉದ್ದ ಎಳೆಯ ಹತ್ತಿಯ ಮಾರುಕಟ್ಟೆಯನ್ನೇ ಇವು ಬೆಳೆಸಿದವು. ಬಿಟಿ ಹತ್ತಿ 2002ರಲ್ಲಿ ಬಂದು ದೇಶ ತುಂಬಿತು. ಗುಲಾಬಿ ಕಾಯಿಕೊರಕ ಅದಕ್ಕೆ ಒಗ್ಗಿಕೊಂಡ ಮೇಲೆ ಔಷಧ ಸಿಂಪಡಣೆ ಮತ್ತೆ ಏರಿತು. ಬಿಡುಗಡೆಯ ವರ್ಷದ ಲಾಭ ಮಾತ್ರ ಅಳೆದವರು ಬಿಟಿ ಹತ್ತಿಗೇ ಹೆಚ್ಚು ಅಂಕ ಕೊಡುತ್ತಿದ್ದರು.

ನಾವು ನೋಡುವುದು ಇಷ್ಟು: ಎಷ್ಟು ಜನ ಅಳವಡಿಸಿಕೊಂಡರು, ಎರಡನೇ ಹಂಗಾಮಿಗೂ ಉಳಿದರೇ, ಲಾಭ ಎಷ್ಟು ವರ್ಷ ಬಾಳಿತು, ಕೊಳ್ಳಲೇಬೇಕಾದ ವಸ್ತುವಿನ ಮೇಲಿನ ಅವಲಂಬನೆ ಹೆಚ್ಚಿತೇ, ಹೆಚ್ಚಿನ ಬೆಲೆಯಲ್ಲಿ ಬೆಳೆಗಾರನ ಪಾಲು ಎಷ್ಟು. ಕಲ್ಪನೆಯಿಂದ ನಿಜ ಬಳಕೆಯ ತನಕ ತಂತ್ರಜ್ಞಾನದ ಸಿದ್ಧತೆ ಅಳೆಯುವ 1ರಿಂದ 9ರ ಮೆಟ್ಟಿಲು ಉಪಯೋಗಕ್ಕೆ ಬರುತ್ತದೆ, ಆದರೆ ಅದು ಯಂತ್ರದ ಸಿದ್ಧತೆ ಹೇಳುತ್ತದೆ, ಊರಿನ ಸಿದ್ಧತೆ ಅಲ್ಲ. ವ್ಯವಸ್ಥೆಯ ಹೊಸತನವೂ ನಾವೀನ್ಯವೇ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಶುರುವಾದ ಸಹಕಾರ ಸಂಘದಲ್ಲಿ ಯಾವ ಯಂತ್ರ ಇತ್ತು?

ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ತೆಗೆಯುವ ಉದ್ಯಮ ಇದರಲ್ಲಿ ಬರುತ್ತದೆಯೇ?

ಚೆನ್ನಾಗಿ ಬರುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಕಡ್ಡಿ, ಡಬ್ಬಿ ಕಾಯಿಯಿಂದ ದ್ರಾವಕ ಬಳಸಿ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆದು ಆಹಾರ, ಪ್ರಸಾಧನ ಉದ್ಯಮಕ್ಕೆ ಮಾರುತ್ತಾರೆ. 2011ರಿಂದ ಈ ಕಾಯಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಇದೆ. ಎರಡು ಕಡೆ ಎಚ್ಚರ ಬೇಕು. ಎಣ್ಣೆಯಲ್ಲಿ ಕರಗುವ ಕೀಟನಾಶಕದ ಶೇಷವೂ ಬಣ್ಣದೊಂದಿಗೆ ಸಾಂದ್ರವಾಗುತ್ತದೆ; ಕಾಯಿಯಲ್ಲಿ ಮಿತಿಯೊಳಗಿದ್ದದ್ದು ಸಾರದಲ್ಲಿ ಮಿತಿ ಮೀರಿ ಸರಕು ವಾಪಸು ಬರುತ್ತದೆ. ಇನ್ನೊಂದು, ಸೂಚಿಕೆಯ ಹೆಸರು ಹೊತ್ತ ಬೇರೆ ತಳಿಯ ಕಾಯಿ ಹೊರಗಿನಿಂದ ಬಂದು ಸೇರಿದಾಗ ಹೆಸರಿನ ಬೆಲೆ ಈ ನೆಲದ ಬೆಳೆಗಾರನಿಗೆ ಸಿಗುವುದಿಲ್ಲ.

ರಾಣೆಬೆನ್ನೂರಿನ ಬೀಜೋತ್ಪಾದನೆಯನ್ನು ಸಾಮಾಜಿಕವಾಗಿ ಹೇಗೆ ಅಳೆಯಬೇಕು?

ಹೈಬ್ರಿಡ್ ಬೀಜ ಅಂದರೆ ಹೂವು ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ, ಹೆಚ್ಚಾಗಿ ಹೆಣ್ಣುಮಕ್ಕಳದು. ದಿನಗೂಲಿ ಎಷ್ಟು, ಶಾಲೆಗೆ ಹೋಗುವ ಮಕ್ಕಳು ಹೊಲದಲ್ಲಿ ಇಲ್ಲ ಎಂದು ಯಾರು ನೋಡುತ್ತಾರೆ, ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಬಿದ್ದರೆ ನಷ್ಟ ಯಾರದು, ಫಲಿತಾಂಶ ಬರುವ ತನಕ ಹಣ ತಡೆಹಿಡಿಯುತ್ತಾರೆಯೇ? ಒಪ್ಪಂದದ ಪ್ರತಿ ಕನ್ನಡದಲ್ಲಿ ಕೈಯಲ್ಲಿದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದು ಬಂದರೆ ಉಳಿದ ಅಂಕಗಳನ್ನು ನಂಬಬೇಡಿ.

ಕಪ್ಪತಗುಡ್ಡದ ಔಷಧಿ ಸಸ್ಯಗಳಿಂದ ಉದ್ಯಮ ಮಾಡಬಹುದೇ?

ಅದು ವನ್ಯಜೀವಿಧಾಮ, ಒಳಗಿಂದ ಕಿತ್ತು ತರುವಂತಿಲ್ಲ. ಹೊಲದಲ್ಲಿ ಬೆಳೆಸಿದ ಸಸ್ಯ ಬೇರೆ ಮಾತು. ವಾಣಿಜ್ಯ ಬಳಕೆಗೆ ಜೀವವೈವಿಧ್ಯ ಕಾಯ್ದೆ 2002 ಮತ್ತು ಅದರ 2023ರ ತಿದ್ದುಪಡಿ ಅನ್ವಯಿಸುತ್ತವೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ಸಸ್ಯದ ಬಳಕೆ ಬರೆದಿದ್ದರೆ ಲಾಭ ಹಂಚಿಕೆ ಕೇಳಲು ಆಧಾರ ಸಿಗುತ್ತದೆ.

ಊರಿಗೆ ಕಂಪನಿ ಬಂದು ‘ತ್ಯಾಜ್ಯದಿಂದ ಸಂಪತ್ತು’ ಎಂದರೆ ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಕಚ್ಚಾವಸ್ತು ಈಗ ಯಾರ ಕೈಯಲ್ಲಿದೆ, ಅವರಿಗೆ ಬದಲಿ ಏನು. ಮೂರು ಕೆಟ್ಟ ಮಳೆಗಾಲ ಬಂದರೆ ಘಟಕ ಏನು ಉರಿಸುತ್ತದೆ. ನೀರು ಬೋರ್‌ವೆಲ್‌ನಿಂದಲೋ ಕಾಲುವೆಯಿಂದಲೋ, ಹೊರಬಿಡುವ ನೀರು ಎಲ್ಲಿಗೆ. ಬೂದಿ, ಸ್ಲರಿ ಹೊಲಕ್ಕೆ ವಾಪಸು ಬರುತ್ತದೆಯೇ, ಸಾಗಣೆ ಖರ್ಚು ಯಾರದು. ತೂಕ ಮತ್ತು ತೇವ ಅಳೆಯುವಾಗ ರೈತನ ಕಡೆಯವರು ನಿಲ್ಲಬಹುದೇ. ದರ ಯಾವುದಕ್ಕೆ ಕಟ್ಟಿದೆ, ಎಷ್ಟು ದಿನದೊಳಗೆ ಹಣ. ಉತ್ತರಗಳನ್ನು ಠರಾವಿನಲ್ಲಿ ಬರೆಸಿ.

ಮಣ್ಣು, ಕಾಳು, ಬೆಳೆ ಉಳಿಕೆ ಪರೀಕ್ಷೆಗೆ ಎಲ್ಲಿ ಹೋಗಬೇಕು?

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮತ್ತು ಕೃಷಿ ವಿಜ್ಞಾನ ಕೇಂದ್ರಗಳು: ಧಾರವಾಡಕ್ಕೆ ಸೈದಾಪುರ, ಗದಗಕ್ಕೆ ಹುಲಕೋಟಿ, ಹಾವೇರಿಗೆ ಹನುಮನಮಟ್ಟಿ. ಮಣ್ಣಿನ ಮಾದರಿಯನ್ನು ಬೆಳೆ ಕಟಾವಾದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಎಂಟು–ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ತೆಗೆದು ಕಲಸಿ ಅರ್ಧ ಕಿಲೊ ಒಯ್ಯಿರಿ. ಕಟ್ಟಿಗೆ, ದಂಟು ಮಾರಲು ಶುರುಮಾಡುವ ಮೊದಲೇ ಒಮ್ಮೆ ಸಾವಯವ ಇಂಗಾಲ ಬರೆಸಿಡಿ. ಆ ಮೊದಲ ಅಂಕಿ ಇಲ್ಲದೆ ಆಮೇಲಿನ ಯಾವ ಹೋಲಿಕೆಯೂ ಸಾಧ್ಯವಿಲ್ಲ.